ಜಪಾನಿನ ಬೆಕ್ಕಿಗೆ ಹಿಂದಿ ಯಾಕೆ ಬಂತು?

(ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)

ಬೆಂಗಳೂರು, ಮೈಸೂರಿನಿಂದ ಬಂದ ನೀವು ಬೆಳಿಗ್ಗೆ ಪಕ್ಕದ ಬೈಲಕುಪ್ಪೆ ನೋಡಿ ಬಂದಿರಿ. 1960ರ ದಶಕದ ಆರಂಭದಲ್ಲಿ ನಿರಾಶ್ರಿತರಾಗಿ ಬಂದ ಟಿಬೆಟನ್ನರು ಇಂದಿಗೂ ಮಕ್ಕಳಿಗೆ ತಮ್ಮ ನುಡಿ ಕಲಿಸುತ್ತಿದ್ದಾರೆ. ನೆಲ ಹೋದರೂ ಅವರು ನುಡಿ ಬಿಡಲಿಲ್ಲ. ನೆಲವಿದ್ದೂ ನುಡಿ ಬಿಡುತ್ತಿರುವವರು ನಾವು!

ನನ್ನ ತಂಗಿಯ ಮಗ ಏಳು ವರ್ಷದವನಿದ್ದಾಗ ಊಟ ಬೇಡವೆಂದು ಹಿಂದಿಯಲ್ಲಿ ಹಟ ಹಿಡಿದ. ಮನೆಯಲ್ಲಿ ಯಾರಿಗೂ ಹಿಂದಿ ಬಾರದು. ಕಲಿಸಿದ ಮೇಷ್ಟ್ರು ಯಾರು? ಟಿ.ವಿ.ಯ ಡೋರೇಮಾನ್, ಜಪಾನಿನ ನೀಲಿ ಬೆಕ್ಕು!

ಬೆಕ್ಕನ್ನು ಬೈಯಬೇಡಿ. ಫುಜಿಕೊ ಎಫ್. ಫುಜಿಯೊ 1969ರ ಕೊನೆಯಲ್ಲಿ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಶುರು ಮಾಡಿದ ಚಿತ್ರಕಥೆ ಅದು. 2008ರಲ್ಲಿ ಜಪಾನ್ ಸರ್ಕಾರ ಆ ಬೆಕ್ಕನ್ನೇ ಅನಿಮೆ ರಾಯಭಾರಿ ಮಾಡಿತು. ಲೋಕ ಗೆಲ್ಲಲು ಅವರು ಇಂಗ್ಲಿಷಿಗೆ ಶರಣಾಗಲಿಲ್ಲ. ತಮ್ಮ ಮಕ್ಕಳಿಗೆ ತಮ್ಮ ಮಾತಿನಲ್ಲೇ ಕಥೆ ಹೇಳಿದರು. ಬೇಕಾದವರು ತಮ್ಮ ನುಡಿಗೆ ತಂದುಕೊಂಡರು. ಹಿಂದಿಯವರು, ತಮಿಳರು, ತೆಲುಗರು ತಂದುಕೊಂಡರು. ನಾವು?

ನಾವು ಬಾಗಿಲು ಹಾಕಿ ಕೂತಿದ್ದೆವು. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಗೆ ಕಾರಣವಿತ್ತು. ನಮ್ಮ ಚಿತ್ರರಂಗ ಆಗ ಎಳೆಗೂಸು. ಅದನ್ನು ಉಳಿಸಿದ ಹಿರಿಯರಿಗೆ ಕೈ ಮುಗಿಯೋಣ. ಆದರೆ ಮನೆಮನೆಗೆ ಟಿ.ವಿ. ಬಂದ ಮೇಲೂ ಅಗುಳಿ ತೆಗೆಯಲಿಲ್ಲ. ಬೆಕ್ಕು ಹಿಂದಿಯ ಕಿಟಕಿಯಿಂದ ನುಗ್ಗಿತು! 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದು ಹೇಳಿತು. 2020ರ ಲಾಕ್‌ಡೌನಿನಲ್ಲಿ 'ಮಹಾಭಾರತ' ಧಾರಾವಾಹಿ ಕನ್ನಡ ಮಾತಾಡಿತು. ಚಿತ್ರರಂಗವೇನೂ ಮುಳುಗಲಿಲ್ಲ.

ಬಾಗಿಲು ತೆರೆದಿದೆ, ಕರೆಯುವವರೇ ಇಲ್ಲ. ಜಪಾನಿನ ಯುಗೊ ಸಾಕೊ ನಮ್ಮ ರಾಮ್ ಮೋಹನ್ ಜೊತೆ ಸೇರಿ ಮಾಡಿದ ರಾಮಾಯಣದ ಕಾರ್ಟೂನ್ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಇಲ್ಲ! ಅದೇ ಸೆಪ್ಟೆಂಬರಿನಲ್ಲಿ ಬಂದ 'ಡೀಮನ್ ಸ್ಲೇಯರ್' ಚಿತ್ರದ್ದೂ ಇದೇ ಕಥೆ. ನಮ್ಮ ಹುಡುಗರು ಟಿಕೆಟ್‌ಗೆ ಮುಗಿಬಿದ್ದರು. ಕನ್ನಡ ಎಲ್ಲಿ ಎಂದು ಕೇಳಿದವರೆಷ್ಟು ಮಂದಿ?

ವ್ಯಾಪಾರಿ ಗಿರಾಕಿಯ ಮಾತು ಕೇಳುತ್ತಾನೆ, ಮೌನವನ್ನಲ್ಲ. ಕನ್ನಡದ ಧ್ವನಿ ಇರುವ ಕಡೆ ಅದನ್ನೇ ಆರಿಸಿ. ಇಲ್ಲದ ಕಡೆ ಪಟ್ಟುಹಿಡಿದು ಕೇಳಿ. ಹತ್ತು ಜನ ಕೇಳಿದರೆ ನಗುತ್ತಾರೆ, ಹತ್ತು ಸಾವಿರ ಜನ ಕೇಳಿದರೆ ಲೆಕ್ಕ ಹಾಕುತ್ತಾರೆ. ಚಿತ್ರ ಬರೆಯಬಲ್ಲ ಗೆಳೆಯರೆ, ನೀವು ಅಷ್ಟಕ್ಕೇ ನಿಲ್ಲಬೇಡಿ. ಈ ಕಾವೇರಿ ದಡದ ಮಕ್ಕಳ ಕಥೆಯನ್ನು ಕನ್ನಡದಲ್ಲೇ ಬರೆಯಿರಿ. ಜಪಾನಿನ ಮಕ್ಕಳು ಅದನ್ನು ಜಪಾನಿಯಲ್ಲಿ ನೋಡುವ ದಿನ ಬರಲಿ!

ಸಿರಿಗನ್ನಡಂ ಗೆಲ್ಗೆ!