ಸಾಫ್ಟ್‌ವೇರ್ ಮಾರುವವರಿಗೆ ನಮ್ಮ ಅಹವಾಲು



ನಮ್ಮಲ್ಲಿ ಬಹುಮಂದಿ ಕಚೇರಿ, ಗೋದಾಮು, ಅಂಗಡಿಗಳಲ್ಲಿ ದುಡಿಯುವವರು. ಹಿಂದೆ ಕಿರ್ದಿ ಖತಾವಣಿ ಬರೆದ ಕೈಗಳು ಇಂದು ಎಕ್ಸೆಲ್ ಹಾಳೆಯನ್ನು ತುಂಬುತ್ತಿವೆ. ಈ ಹಾಳೆಯ ಚಾಳಿ ನಿಮಗೆ ಗೊತ್ತೇ ಇದೆ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯನ್ನು ಬರೆದರೆ ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. 16 ಅಂಕಿಗಳ ಸಂಖ್ಯೆಯನ್ನು ಬರೆದರೆ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ಮನೆ ನಂಬರು 3-5 ಎಂದು ಬರೆದರೆ ಅದನ್ನು ತಾರೀಖನ್ನಾಗಿ ಮಾಡಿ ಕೂರಿಸುತ್ತದೆ. ಯಂತ್ರದ ಈ ಅಧಿಕಪ್ರಸಂಗದಿಂದ ಒಬ್ಬ ಕೂಲಿಕಾರನ ಸಂಬಳ ಖಾತೆಗೆ ಸೇರದೆ ತಿರುಗಿ ಬಂದರೆ, ಬೈಸಿಕೊಳ್ಳುವವನು ಗುಮಾಸ್ತನೇ ಹೊರತು ಯಂತ್ರವಲ್ಲ. ಆದುದರಿಂದ, ಸಾಫ್ಟ್‌ವೇರ್ ತಯಾರಿಸುವವರು ಬಳಸುವವರ ಬೇಡಿಕೆಗೆ ಹೇಗೆ ಕಿವಿಗೊಡುತ್ತಾರೆಂಬುದು ನಮಗೆ ಅನ್ನದ ಪ್ರಶ್ನೆಯೇ ಸರಿ.

ಇದೇ ಕಾಟ ದೊಡ್ಡ ವಿಜ್ಞಾನಿಗಳನ್ನೂ ಬಿಡಲಿಲ್ಲ. ಮನುಷ್ಯನ ಜೀನುಗಳಿಗೆ ಇಟ್ಟಿದ್ದ ಕಿರುಹೆಸರುಗಳಲ್ಲಿ ಮಾರ್ಚ್1, ಸೆಪ್ಟ್2 ಎಂಬಂಥವು ಇದ್ದವು. ಎಕ್ಸೆಲ್ ಅವನ್ನು ಮಾರ್ಚ್ ಒಂದನೆಯ ತಾರೀಖು, ಸೆಪ್ಟೆಂಬರ್ ಎರಡನೆಯ ತಾರೀಖು ಎಂದು ತಿದ್ದಿಬಿಡುತ್ತಿತ್ತು. 2004ರಲ್ಲಿಯೇ ಸಂಶೋಧಕರು ಇದನ್ನು ಲೇಖನದ ಮೂಲಕ ಎತ್ತಿ ತೋರಿಸಿದರು. 2016ರಲ್ಲಿ ಬೇರೆ ಕೆಲವರು ಪ್ರಬಂಧಗಳನ್ನು ಶೋಧಿಸಿ ನೋಡಿದಾಗ, ಎಕ್ಸೆಲ್‌ನಲ್ಲಿ ಜೀನುಗಳ ಪಟ್ಟಿ ಲಗತ್ತಿಸಿದ್ದವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದರಲ್ಲಿ ಇಂಥ ತಪ್ಪುಗಳು ಕಂಡವು. ಕೊನೆಗೆ 2020ರಲ್ಲಿ, ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು, ಮಾರ್ಚ್1 ಅನ್ನು ಮಾರ್ಚ್‌ಎಫ್1 ಎಂದೂ ಸೆಪ್ಟ್2 ಅನ್ನು ಸೆಪ್ಟಿನ್2 ಎಂದೂ ಬದಲಾಯಿಸಿದ್ದನ್ನು ಪ್ರಕಟಿಸಿತು. ಟೋಪಿಗೆ ತಕ್ಕಂತೆ ತಲೆಯನ್ನು ಕೆತ್ತಿಕೊಂಡ ಹಾಗಾಯಿತು! ಈ ತಾನಾಗಿ ತಿದ್ದುವ ಚಾಳಿಯನ್ನು ನಿಲ್ಲಿಸುವ ಅನುಕೂಲವನ್ನು ಮೈಕ್ರೋಸಾಫ್ಟ್ ಸಾರಿದ್ದು 2023ರ ಅಕ್ಟೋಬರಿನಲ್ಲಿ. ಮೊದಲ ಲೇಖನ ಬಂದು 19 ವರ್ಷಗಳ ಮೇಲೆ.

ಇದನ್ನು ಬರಿಯ ಅಸಡ್ಡೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇನ್ನೊಂದು ಮಗ್ಗುಲೂ ಉಂಟು. ಒಬ್ಬನಿಗೆ ಕಾಟವಾದದ್ದು ಮತ್ತೊಬ್ಬನಿಗೆ ಅನುಕೂಲ. ತಾರೀಖು ಬರೆಯಬೇಕಾದವನಿಗೆ 3-5 ತಾನಾಗಿ ತಾರೀಖಾದರೆ ಸಂತೋಷವೇ. ಹಳೆಯ ಕಡತಗಳ ಭಾರವೂ ಸಣ್ಣದಲ್ಲ. 1900ನೆಯ ಇಸವಿ ಅಧಿಕ ವರ್ಷವಲ್ಲ; ಆದರೂ ಎಕ್ಸೆಲ್‌ನಲ್ಲಿ ಆ ವರ್ಷದ ಫೆಬ್ರುವರಿಗೆ 29 ದಿನ! 1983ರಲ್ಲಿ ಬಂದ ಲೋಟಸ್ 1-2-3 ಎಂಬ ಸಾಫ್ಟ್‌ವೇರಿನಲ್ಲಿದ್ದ ಈ ತಪ್ಪನ್ನು, ಅದರ ಕಡತಗಳೊಡನೆ ಹೊಂದಿಕೆಯಾಗಲೆಂದು ಎಕ್ಸೆಲ್ ಬೇಕೆಂದೇ ಉಳಿಸಿಕೊಂಡಿತು. ಇಂದು ಅದನ್ನು ತಿದ್ದಿದರೆ ಲೋಕದ ಲೆಕ್ಕದ ಹಾಳೆಗಳಲ್ಲಿ ಹೆಚ್ಚಿನ ತಾರೀಖುಗಳು ಒಂದು ದಿನ ಸರಿದುಹೋಗುತ್ತವೆ.

ಆದುದರಿಂದ ಬೇಡಿಕೆಗೆ ಬರುವ ಉತ್ತರಗಳ ಅರ್ಥವನ್ನು ತಿಳಿದಿರಬೇಕು. ‘ನಿಮ್ಮ ಸಲಹೆಗೆ ವಂದನೆ’ ಎಂದರೆ ರಶೀದಿ ಸಿಕ್ಕಿತೆಂದಷ್ಟೇ. ‘ಪರಿಶೀಲನೆಯಲ್ಲಿದೆ’ ಎಂದರೆ ಮಾತು ಕೊಟ್ಟಂತಲ್ಲ. ‘ಅದು ಹಾಗೆಯೇ ಇರಬೇಕೆಂದು ಮಾಡಿದ್ದು’ ಎಂದರೆ ಒಂದೇ ಅರ್ಜಿಗೆ ಅವರು ಜಗ್ಗುವವರಲ್ಲ. ‘ಬೇರೆ ದಾರಿಯಿಂದ ಮಾಡಿಕೊಳ್ಳಬಹುದು’ ಎಂದರೆ ಮಾತ್ರ ಆ ದಾರಿಯನ್ನು ಒಡನೆ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಕೆಲವು ಕಂಪನಿಗಳು ಬೇಡಿಕೆಗಳ ಮೇಲೆ ಬಳಸುವವರಿಂದ ಮತ ಹಾಕಿಸುವುದುಂಟು. ಅದು ಒಳ್ಳೆಯದೇ. ಆದರೆ ತಲೆಯೆಣಿಕೆಯಲ್ಲಿ ಸಣ್ಣ ಕಸುಬಿನವರೂ ಸಣ್ಣ ಭಾಷೆಯವರೂ ಸೋಲುತ್ತಾರೆ. ಅಂಥಲ್ಲಿ ಕೆಲವೊಮ್ಮೆ ನಾವೇ ಕೈಯಿಕ್ಕಬೇಕಾಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯುವ ಮೊದಲೇ, 1998ರಲ್ಲಿ, ಶೇಷಾದ್ರಿ ವಾಸು ಅವರು ‘ಬರಹ’ವನ್ನು ಹೊರತಂದು ಕನ್ನಡಿಗರ ಕೈಗಿತ್ತರು.

ಇನ್ನು, ಕೇಳುವ ರೀತಿ. ‘ಇಂಥ ಗುಂಡಿ ಬೇಕು’ ಎಂದಷ್ಟೇ ಬರೆದರೆ ಸಾಲದು. ನಾವು ಮಾಡುವ ಕೆಲಸವೇನು, ಅದು ಎಲ್ಲಿ ಕೆಡುತ್ತದೆ, ತಿಂಗಳಿಗೆ ಎಷ್ಟು ಸಲ ಕೆಡುತ್ತದೆ, ಅದರಿಂದ ಯಾರಿಗೆ ಏನು ನಷ್ಟ ಎಂಬುದನ್ನು ಒಂದು ಉದಾಹರಣೆಯೊಡನೆ ತಿಳಿಸಬೇಕು. ಉದಾಹರಣೆಯಲ್ಲಿ ನಿಜವಾದ ಖಾತೆ ಸಂಖ್ಯೆಗಳನ್ನು ಹಾಕಕೂಡದು. ಒಂದು ಪತ್ರಕ್ಕೆ ಒಂದೇ ಬೇಡಿಕೆ ಇರಲಿ. ಸಾಫ್ಟ್‌ವೇರಿಗೆ ಹಣ ತೆರುವವರು ಕಚೇರಿಯ ಯಜಮಾನರಾದರೆ, ಅವರ ಕೈಯಿಂದಲೇ ಬರೆಯಿಸುವುದು ಲೇಸು. ಹಣ ಕೊಡುವವನ ಮಾತು ಬೇಗ ಮುಟ್ಟುತ್ತದೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. ಆದರೆ ಮಗು ಅಳುವುದು ಹಸಿವೆಗೋ ಹೊಟ್ಟೆನೋವಿಗೋ ಎಂಬುದು ತಿಳಿಯಬೇಕಲ್ಲವೆ?

ಉತ್ತರ ಬರುವವರೆಗೆ ಕೆಲಸ ನಿಲ್ಲುವಂತಿಲ್ಲ. ಖಾತೆ ಸಂಖ್ಯೆಯ ಕಾಲಮನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿರಿ. ಇಲ್ಲವೇ ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಿರಿ. ಅಂಕಿಗಳನ್ನು ಬರೆದಾದ ಮೇಲೆ ‘ಟೆಕ್ಸ್ಟ್’ ಮಾಡಿದರೆ ಹೋದ ಸೊನ್ನೆ ತಿರುಗಿ ಬಾರದು. ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಯ ಎಕ್ಸೆಲ್ ಇದ್ದವರು ಫೈಲ್, ಆಪ್ಷನ್ಸ್, ಡೇಟಾ ಎಂಬಲ್ಲಿ ಹೋಗಿ ತಾನಾಗಿ ತಿದ್ದುವ ಚಾಳಿಯನ್ನು ನಿಲ್ಲಿಸಬಹುದು. 19 ವರ್ಷ ಕಾದು ಪಡೆದ ಈ ಅನುಕೂಲ ಎಷ್ಟೋ ಕಚೇರಿಗಳಲ್ಲಿ ಮುಟ್ಟದೆಯೇ ಬಿದ್ದಿದ್ದೀತು. ನಾಳೆ ಕೆಲಸಕ್ಕೆ ಹೋದಾಗ ಮೊದಲು ಅದನ್ನು ನೋಡಿರಿ. ಪಕ್ಕದ ಮೇಜಿನವರಿಗೂ ತೋರಿಸಿರಿ ಎಂದು ಬಿನ್ನವಿಸಿ, ಮಾತು ಮುಗಿಸುತ್ತೇವೆ.