ಬಿದ್ದ ತ್ರಿಕೋನ

(ಶಾಲೆಯ ರಕ್ಷಕ-ಶಿಕ್ಷಕ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷಾ ಫಲಿತಾಂಶಗಳ ವಿಚಾರವನ್ನು ನಾನು ಈ ದಿನ ಎತ್ತುವುದಿಲ್ಲ. ಅದು ವರದಿಯಲ್ಲಿ ಅಚ್ಚಾಗಿಯೇ ಇದೆ. ಇನ್ನೂ ಶಾಲೆಗೆ ಸೇರದ, ಈ ಸಭೆಯಲ್ಲಿ ತಾಯಂದಿರ ಮಡಿಲಲ್ಲಿ ಕುಳಿತು ಗಲಾಟೆ ಮಾಡುತ್ತಿರುವ ಮೂರು, ನಾಲ್ಕು, ಐದು ವರ್ಷದ ಮಕ್ಕಳ ವಿಚಾರವಾಗಿ ಕೆಲವು ಮಾತುಗಳನ್ನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಅವರಿಗೆ ಆಕಾರಗಳ ಪರಿಚಯವನ್ನು ಮಾಡಿಸುವುದು ಹೇಗೆಂಬುದೇ ನನ್ನ ವಿಷಯ. ಇದೇನು ಮಹಾ ವಿಷಯವೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಾನೂ ಒಮ್ಮೆ ನಕ್ಕವನೇ. ಆ ನಗುವಿನಿಂದಲೇ ಆರಂಭಿಸುತ್ತೇನೆ.

ನಾನು ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ ಒಂದನೆಯ ತರಗತಿಯ ಗೋಡೆಯಲ್ಲಿ ಆಕಾರಗಳ ಪಟವೊಂದು ತೂಗುತ್ತಿತ್ತು. ಅದರಲ್ಲಿ ತ್ರಿಕೋನವು ಮನೆಯ ಮಾಡಿನಂತೆ ನೆಲಕ್ಕೆ ನೇರವಾಗಿ ಕುಳಿತಿತ್ತು. ಮಕ್ಕಳು ಅದನ್ನು ನೋಡಿ ‘ತ್ರಿಕೋನ, ತ್ರಿಕೋನ’ ಎಂದು ಕೂಗುತ್ತಿದ್ದರು, ನಾನು ಸಂತೋಷಪಡುತ್ತಿದ್ದೆ. ಒಂದು ದಿನ ಅಡಕೆಯ ಹಾಳೆಯಿಂದ ಒಂದು ತ್ರಿಕೋನವನ್ನು ಕತ್ತರಿಸಿ, ಮೊನೆ ಕೆಳಗಾಗುವಂತೆ ಹಿಡಿದು ‘ಇದೇನು?’ ಎಂದು ಕೇಳಿದೆ. ತರಗತಿಯೆಲ್ಲ ಮೌನ. ‘ತ್ರಿಕೋನವಲ್ಲ’ ಎಂದರು ಕೆಲವರು. ಕೊನೆಯ ಮಣೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ಮನೆಯಲ್ಲಿ ತುಳುವನ್ನಾಡಿ ಶಾಲೆಯಲ್ಲಿ ಆಗತಾನೆ ಕನ್ನಡವನ್ನು ಕಲಿಯುತ್ತಿದ್ದವಳು, ಎದ್ದು ನಿಂತು ‘ತ್ರಿಕೋನವೇ ಸಾರ್, ಬಿದ್ದಿದೆ’ ಎಂದಳು. ನಾನು ನಕ್ಕೆ. ಗುರುವು ನಕ್ಕ ಮೇಲೆ ಶಿಷ್ಯರು ಸುಮ್ಮನಿರುವರೇ? ತರಗತಿಯೇ ನಕ್ಕಿತು. ಆ ಮಗು ಅನೇಕ ದಿನಗಳವರೆಗೆ ನನ್ನ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ.

ಇಡೀ ತರಗತಿಯಲ್ಲಿ ಸರಿಯಾಗಿ ಹೇಳಿದವಳು ಅವಳೊಬ್ಬಳೇ ಎಂಬುದು ನನಗೆ ಹೊಳೆದದ್ದು ತಡವಾಗಿ. ಹೇಗೆ ತಿಳಿಯಿತು ಅವಳಿಗೆ? ಅಷ್ಟಮಿಯ ಸಮಯದಲ್ಲಿ ಅವರ ಮನೆಯ ಮುಂದೆ ಹಾದುಹೋಗುವಾಗ ಉತ್ತರ ಸಿಕ್ಕಿತು. ತಾಯಿ ಜಗಲಿಯಲ್ಲಿ ಕುಳಿತು ಕೇದಗೆಯ ಎಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ ಮೂಡೆಗಳನ್ನು ಸುತ್ತುತ್ತಿದ್ದಳು. ಮಗಳು ಕತ್ತರಿಸಿ ಬಿಸಾಡಿದ ಚೂಪು ತುದಿಗಳನ್ನು ಆಯ್ದು, ತಿರುಗಿಸಿ, ಮಗುಚಿ, ಒಂದಕ್ಕೊಂದು ಕೂಡಿಸಿ ನೆಲದಲ್ಲಿ ಹೂವು ಮಾಡುತ್ತಿದ್ದಳು. ಪಟದ ತ್ರಿಕೋನವು ಎಂದೂ ಮಗುಚುವುದಿಲ್ಲ. ಕೈಯಲ್ಲಿರುವ ತ್ರಿಕೋನವು ಕ್ಷಣಕ್ಷಣಕ್ಕೂ ಮಗುಚುತ್ತದೆ. ವ್ಯತ್ಯಾಸವು ಇಷ್ಟೇ.

ದೊಡ್ಡವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಶಿಶುಗಳಿಗಾಗಿ ಸಂಸ್ಥೆಯೊಂದನ್ನು ತೆರೆದ ಫ್ರೀಡ್ರಿಕ್ ಫ್ರೋಬೆಲ್, ಅದಕ್ಕೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂದರೆ ಮಕ್ಕಳ ತೋಟವೆಂದು ಹೆಸರಿಟ್ಟನು. ಅವನು ಮಕ್ಕಳ ಕೈಗೆ ಮರದ ಗೋಲ, ಘನ ಮತ್ತು ಸ್ತಂಭಾಕೃತಿಗಳನ್ನು ಕೊಟ್ಟನು. ಗೋಲವು ಉರುಳುತ್ತದೆ, ಘನವು ಕುಳಿತಿರುತ್ತದೆ, ಸ್ತಂಭವು ಮಲಗಿಸಿದರೆ ಉರುಳುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಮೇರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದು, ಮಕ್ಕಳು ಮರದ ಆಕೃತಿಗಳ ಅಂಚನ್ನು ಬೆರಳಿನಿಂದ ಸವರಿ ತಿಳಿಯುವ ಕ್ರಮವನ್ನು ಬಳಕೆಗೆ ತಂದರು. ಆ ಮಹಾತಾಯಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಅಧ್ಯಾಪಕರಿಗೆ ಶಿಕ್ಷಣವನ್ನು ಕೊಟ್ಟರು. ಆಗ ನಮ್ಮ ಕಾಸರಗೋಡೂ ಮದರಾಸು ಪ್ರಾಂತಕ್ಕೇ ಸೇರಿತ್ತು. 1957ರಲ್ಲಿ ಹಾಲೆಂಡಿನ ವಾನ್ ಹೀಲೆ ದಂಪತಿಗಳು ರೇಖಾಗಣಿತದ ಕಲಿಕೆಯಲ್ಲಿ ಹಲವು ಮೆಟ್ಟಿಲುಗಳುಂಟೆಂದು ತೋರಿಸಿದರು: ಮೊದಲ ಮೆಟ್ಟಿಲಿನಲ್ಲಿ ಮಗುವು ಆಕಾರವನ್ನು ಒಟ್ಟು ನೋಟದಿಂದ ಮಾತ್ರ ಗುರುತಿಸುತ್ತದೆ, ಬದಿಗಳನ್ನೂ ಮೂಲೆಗಳನ್ನೂ ಗಮನಿಸುವುದು ಆಮೇಲೆ. ನನ್ನ ತರಗತಿಯ ಮೌನಕ್ಕೆ ಕಾರಣವು ಇದೇ ಆಗಿತ್ತು.

ಮರದ ಸಾಮಗ್ರಿಗಳಿಗೆ ಹಣವೆಲ್ಲಿ ಎಂದು ಕೇಳಬೇಡಿ. ನಮ್ಮ ತೋಟದಲ್ಲಿ ಇಲ್ಲದ ಆಕಾರವೇ ಇಲ್ಲ. ತೆಂಗಿನ ಗರಿಯಿಂದ ಹೆಣೆಯುವ ಚೆಂಡನ್ನು ತಾವೆಲ್ಲರೂ ಬಲ್ಲಿರಿ. ಚೆಂಡೆಂದು ಕರೆಯುತ್ತೇವೆ, ಕೈಯಲ್ಲಿ ಹಿಡಿದು ನೋಡಿದರೆ ಅದು ಘನ! ಒಂದೊಂದು ಮುಖಕ್ಕೆ ಸುಣ್ಣದ ಬೊಟ್ಟಿಡಲು ಮಗುವಿಗೆ ಹೇಳಿ. ಆರು ಬೊಟ್ಟುಗಳಿಗೆ ಕೆಲಸ ಮುಗಿಯುತ್ತದೆ. ಎಂಟು ಮೂಲೆಗಳನ್ನು ಮುಟ್ಟಿ ಎಣಿಸುವುದು ಇನ್ನೊಂದು ದಿನದ ಆಟ. ಮೂಡೆಯು ಸ್ತಂಭಾಕೃತಿ. ಅಡ್ಡ ಕೊಯ್ದ ಪಪ್ಪಾಯಿಯ ದಂಟನ್ನು ಮಸಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಬಳೆ ಮೂಡುತ್ತದೆ. ಬೆಂಡೆಕಾಯಿಯನ್ನು ಒತ್ತಿದರೆ ಸಾಮಾನ್ಯವಾಗಿ ಐದು ಮೂಲೆಯ ಹೂವು. ಹಳೆಯ ವೃತ್ತಪತ್ರಿಕೆಯ ಮೂಲೆಯನ್ನು ಎದುರು ಅಂಚಿಗೆ ಮಡಚಿ, ಉಳಿದ ಪಟ್ಟಿಯನ್ನು ಹರಿದರೆ ಚೌಕ. ಬಿಚ್ಚದೆ ಇದ್ದರೆ ತ್ರಿಕೋನ. ಆ ತ್ರಿಕೋನವನ್ನು ಮತ್ತೆ ನಡುವೆ ಮಡಚಿದರೆ ಪುನಃ ತ್ರಿಕೋನವೇ, ಆದರೆ ಚಿಕ್ಕದು. ಈ ಒಂದು ಆಟದಲ್ಲಿ ನಾಲ್ಕು ವರ್ಷದ ಮಗುವು ಅರ್ಧಗಂಟೆ ಮುಳುಗಿರುವುದನ್ನು ನಾನು ಕಂಡಿದ್ದೇನೆ. ಹರಿಯುವ ಕೆಲಸವನ್ನು ಮಗುವೇ ಮಾಡಲಿ, ಸೊಟ್ಟಗಾದರೆ ಆಗಲಿ. ತಂದೆಯು ನೇರವಾಗಿ ಕತ್ತರಿಸಿ ಕೊಟ್ಟ ಚೌಕದಿಂದ ತಂದೆಗೆ ಮಾತ್ರ ಪ್ರಯೋಜನ.

ಮೂರು ಎಚ್ಚರಗಳು. ಕತ್ತಿಯು ಯಾವಾಗಲೂ ಹಿರಿಯರ ಕೈಯಲ್ಲಿರಲಿ. ಬೀಜಗಳನ್ನು ಜೋಡಿಸಿ ಆಕಾರ ಮಾಡಿಸುವುದಾದರೆ, ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಬೇಡ. ಗುಲಗಂಜಿಯನ್ನಂತೂ ಯಾವ ಮಗುವಿಗೂ ಕೊಡಬಾರದು; ನೋಡಲು ಚೆಂದವಾದರೂ ಅದು ವಿಷ.

ಹೆಸರುಗಳ ವಿಚಾರ ನಮ್ಮ ಈ ಗಡಿನಾಡಿನಲ್ಲಿ ತುಸು ಸೂಕ್ಷ್ಮವಾದುದು. ಒಂದು ಮಗು ಮನೆಯಿಂದ ‘ಉರುಟು’ ಎಂಬ ಮಾತನ್ನು ತರುತ್ತದೆ, ಮಲಯಾಳದಲ್ಲಿ ನಡೆಯುವ ಅಂಗನವಾಡಿಯಿಂದ ಇನ್ನೊಂದು ‘ವಟ್ಟಂ’ ಎಂದು ಕಲಿತು ಬರುತ್ತದೆ, ಆಂಗ್ಲ ನರ್ಸರಿಯಿಂದ ಮೂರನೆಯದು ‘ಸರ್ಕಲ್’ ಎನ್ನುತ್ತದೆ. ನಮ್ಮ ಪಾಠಪುಸ್ತಕವೋ ‘ವೃತ್ತ’ ಎನ್ನುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಬಳೆಯನ್ನು ಕೈಯಲ್ಲಿ ತಿರುಗಿಸಿದ ಮಗುವಿಗೆ ನಾಲ್ಕನೆಯ ಹೆಸರೊಂದು ಭಾರವಾಗದು. ವಸ್ತುವನ್ನೇ ಮುಟ್ಟದ ಮಗುವಿಗೆ ಒಂದು ಹೆಸರೂ ಭಾರವೇ. ಕನ್ನಡ ಶಾಲೆಯು ಕಷ್ಟ, ಅಲ್ಲಿನ ಶಬ್ದಗಳು ದೊಡ್ಡವು ಎಂದು ಮಕ್ಕಳನ್ನು ಬೇರೆಡೆಗೆ ಸೇರಿಸುವ ರಕ್ಷಕರಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ವಸ್ತುವನ್ನು ತೋರಿಸದೆ ‘ವೃತ್ತ’ವೆಂದು ಹಲಗೆಯಲ್ಲಿ ಬರೆದು ಮಗುವನ್ನು ಹೆದರಿಸಿದವರು ನಾವು, ಅಧ್ಯಾಪಕರು. ಮಗುವು ‘ವಟ್ಟಂ’ ಎಂದಾಗ ‘ಹೌದು, ವೃತ್ತ’ ಎನ್ನಲು ನಾನು ಈಗ ಕಲಿತಿದ್ದೇನೆ.

ವಿದ್ಯಾರ್ಥಿಗಳೇ, ಗರಿಯ ಚೆಂಡು ಹೆಣೆಯಲು ನಿಮ್ಮಲ್ಲಿ ಅನೇಕರಿಗೆ ಬಾರದೆಂದು ನನಗೆ ಗೊತ್ತು. ಅಜ್ಜಂದಿರು ಮನೆಯಲ್ಲಿರುವಾಗಲೇ ಕಲಿತುಕೊಳ್ಳಿರಿ; ತಮ್ಮತಂಗಿಯರಿಗೆ ಅದನ್ನು ಕಲಿಸಬೇಕಾದವರು ನೀವು. ತಿಂಗಳಿಗೊಂದು ಶನಿವಾರ ಅಪರಾಹ್ನ ನಮ್ಮ ಶಾಲೆಯ ಜಗಲಿಯಲ್ಲಿ ಈ ಚಿಕ್ಕ ಮಕ್ಕಳ ಕೈಕೆಲಸವನ್ನು ನಡೆಸಬೇಕೆಂದು ಅಧ್ಯಾಪಕರೆಲ್ಲ ನಿಶ್ಚಯಿಸಿದ್ದೇವೆ. ಅಂದು ಮಗುವಿನೊಡನೆ ತಾಯಿಯೋ ಅಜ್ಜಿಯೋ ಬರಬೇಕು. ನಾನು ನಕ್ಕಿದ್ದ ಆ ಹುಡುಗಿಯ ತಾಯಿ ಮೂಡೆ ಸುತ್ತುವುದನ್ನು ತೋರಿಸಲು ಒಪ್ಪಿದ್ದಾರೆ. ಮಗಳಿಗೆ ಈಗ ಮದುವೆಯಾಗಿದೆ. ಅವಳ ಮಗುವೂ ಬರುವುದಂತೆ. ಹಾಳೆ ತರುವವರಲ್ಲಿ ಒಂದು ವಿನಂತಿ: ಒಣಗಿದ ಹಾಳೆಯಾದರೆ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಯಿಸಿ ತನ್ನಿ, ಇಲ್ಲವಾದರೆ ಕತ್ತರಿಸುವಾಗ ಸೀಳಿಹೋಗುತ್ತದೆ.