ರೆಕ್ಕೆಯ ಮೇಲಿನ ಸಣ್ಣ ಗೆರೆ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಎಕ್ಸ್-ವಿಂಗ್ ಬಾಹ್ಯಾಕಾಶ ನೌಕೆಗೆ ನಾಲ್ಕು ರೆಕ್ಕೆ. ಹಾರಾಟದ ದೃಶ್ಯಗಳಲ್ಲಿ ಭಾರೀ ಯಂತ್ರದಂತೆ ಕಂಡದ್ದು ಮೇಜಿನ ಮೇಲಿಡಬಹುದಾದ ಪುಟ್ಟ ಮಾದರಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗಗಳನ್ನು ಕುಶಲಕರ್ಮಿಗಳು ಅದರ ಮೈಗೆ ಅಂಟಿಸಿದ್ದರು.

ಆ ನೌಕೆಯ ಕಿಟ್ ಜೋಡಿಸುವ ಹವ್ಯಾಸಿಗಳು ರೆಕ್ಕೆಯ ಫಲಕಗಳನ್ನು ಇನ್ನಷ್ಟು ತಿದ್ದುತ್ತಾರೆ. ಫಲಕಗಳ ನಡುವಿನ ಗೆರೆಗಳು ಉಬ್ಬಿದ್ದರೆ ಉಪ್ಪುಕಾಗದದಿಂದ ಉಜ್ಜಿ ತೆಗೆಯುತ್ತಾರೆ. ಲೋಹದ ಪಟ್ಟಿ ಹಿಡಿದು, ಮೊನಚಾದ ಸೂಜಿಯಿಂದ ಹೊಸ ಗೆರೆ ಕೊರೆಯುತ್ತಾರೆ. ಒಮ್ಮೆಲೇ ಒತ್ತಿದರೆ ಸೂಜಿ ಜಾರುತ್ತದೆ. ಹಗುರವಾಗಿ ಹಲವು ಬಾರಿ ಎಳೆದರೆ ಗೆರೆ ನೇರವಾಗಿ ಮೂಡುತ್ತದೆ. ಬಳಿಕ ತೆಳುವಾದ ಪ್ಲಾಸ್ಟಿಕ್ ಹಾಳೆಯ ಚೂರುಗಳನ್ನು ಅಲ್ಲಲ್ಲಿ ಅಂಟಿಸುತ್ತಾರೆ. ಬಣ್ಣಕ್ಕೆ ಒಂದೇ ಬೂದು ಸಾಲದು. ಫಲಕದಿಂದ ಫಲಕಕ್ಕೆ ಛಾಯೆ ಕೊಂಚ ಬದಲಾಗಬೇಕು. ಕೊನೆಗೆ ನೀರಾಗಿಸಿದ ಕಪ್ಪು ಬಣ್ಣ ಗೆರೆಗಳಲ್ಲಿ ಹರಿದು ನಿಲ್ಲುತ್ತದೆ.

ಇಷ್ಟಾದರೂ ಮಾದರಿಯ ಉದ್ದಗಲ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ನೋಡುವ ಕಣ್ಣಿಗೆ ಮಾತ್ರ ಅದು ದೊಡ್ಡದಾಗುತ್ತದೆ. ಗೆರೆ ಸಣ್ಣದಾದಷ್ಟೂ ನೌಕೆ ಹಿರಿದು. ದಿನನಿತ್ಯದ ದುಡಿಮೆಗೂ ಈ ಮಾತು ಸಲ್ಲುತ್ತದೆ. ಸುಲಭವಾಗಿ ಕಣ್ಣಿಗೆ ಬೀಳದ ಮೂಲೆಗೂ ಪೂರ್ತಿ ಶ್ರದ್ಧೆ ಸಂದ ಕೆಲಸವೇ ದೊಡ್ಡ ಕೆಲಸ.